ಓಡಿಹೋದವು

ಕಳೆದ ವಾರ ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿದ್ದ ಟ್ಯೂಬ್‌ಲೈಟ್ ತೆಗೆಸಿ ಎಲ್‌ಇಡಿ ಹಾಕಿಸಿದೆವು. ತೆಗೆಯುವ ಮುಂಚೆ ಅದು ಕೊನೆಯ ಸಲ ಮಿಟುಕಿತು. ತುದಿಗಳೆರಡೂ ಕೆಂಪಗಾಗಿ, ಹತ್ತಲೋ ಬೇಡವೋ ಎಂದು ತಡವರಿಸಿ... ನನಗೆ ಬಾಜೂಮನೆಯ ಅಕ್ಕ ನೆನಪಾದಳು.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ಹೈಸ್ಕೂಲು. ಅಕ್ಕ ದೂರದ ಗುಜರಾತಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಹತ್ತಿ ವ್ಯಾಪಾರಿಯ ಮಗಳು ಅಷ್ಟು ದೂರ ಓದಲು ಹೋದದ್ದೇ ನಮ್ಮ ಓಣಿಗೆ ಜೀರ್ಣವಾಗಿರಲಿಲ್ಲ. ರಜೆಗೆ ಬಂದಾಗ ಸಂಜೆ ನಮ್ಮ ಪಡಸಾಲೆಯಲ್ಲಿ ಕುಳಿತು ಟ್ಯೂಬ್‌ಲೈಟ್ ತೋರಿಸುತ್ತಿದ್ದಳು. "ಇದರಾಗ ಬೆಳಗೂದು ಪ್ಲಾಸ್ಮಾನ ಐತಿ, ಎಲೆಕ್ಟ್ರಾನ ಕಳಚಿದ ಗಾಳಿ. ಇಂಥಾದ್ನ ಸೂರ್ಯಾನಗತೆ ಕಾಸಿ ಕರೆಂಟ್ ತಗೀಬೇಕಂತ ಜಗತ್ತ ಒದ್ದಾಡಾಕ ಹತ್ತೈತಿ ನೋಡ."

ಹಾಗೆ ಕಾಸಿದ ಪ್ಲಾಸ್ಮಾದಲ್ಲಿ ಕೆಲವು ಎಲೆಕ್ಟ್ರಾನುಗಳು ಮಿತಿಮೀರಿ ವೇಗ ಹಿಡಿದು, ಗುಂಪು ಬಿಟ್ಟು ಓಡುತ್ತವಂತೆ. ಓಡುತ್ತ ಅಲೆಯೆಬ್ಬಿಸಿ ಉಳಿದ ಪ್ಲಾಸ್ಮಾದ ನೆಮ್ಮದಿಯನ್ನೂ ಕೆಡಿಸುತ್ತವಂತೆ. ಆ ಅಲೆ ಯಾವಾಗ ಏಳುತ್ತದೆ, ಯಾಕೆ ಏಳುತ್ತದೆ ಎಂಬುದೇ ಅವಳ ಸಂಶೋಧನೆ. ಅಲ್ಲಿ ಜೊತೆಗಿದ್ದ ಧಾರವಾಡದ ಗೆಳತಿಯೂ ಇವಳೂ ಸೇರಿ ಆ ಎಲೆಕ್ಟ್ರಾನುಗಳಿಗೆ ಚೇಷ್ಟೆಗೆಂದು 'ಓಡಿಹೋದವು' ಎಂದು ಹೆಸರಿಟ್ಟಿದ್ದರು. ಆ ಹೆಸರೇ ಅವಳಿಗೆ ಮುಳುವಾಯಿತು.

ಥೀಸಿಸ್ಸಿನ ಕೊನೆಯ ಅಧ್ಯಾಯವೊಂದು ಉಳಿದಿತ್ತು. ತಂಗಿಯ ಮದುವೆ ಮಾತುಕತೆಗೆಂದು ಊರಿಗೆ ಬಂದವಳು ಒಂದು ಸಂಜೆ ನನ್ನನ್ನೂ ಕರೆದುಕೊಂಡು ಎಸ್‌ಟಿಡಿ ಬೂತಿಗೆ ಹೋಗಿ ಆ ಗೆಳತಿಗೆ ಫೋನು ಹಚ್ಚಿದಳು. ಲೈನು ಗರಗರ ಅನ್ನುತ್ತಿತ್ತು. ಗಾಜಿನ ಬಾಗಿಲು ದಾಟಿ ಕೇಳುವಂತೆ ಕೂಗಿದಳು: "ಒಮ್ಮೆ ಓಡಿಹೋದ ಮ್ಯಾಲೆ ಯಾರಿಗೂ ಹಿಡ್ಯಾಕ ಬರೂದಿಲ್ಲ! ನಾ ಸೋಮವಾರ ಹೊಂಟ ಬರತೇನಿ, ಬಂದ ಎಲ್ಲಾ ಹೇಳತೇನಿ!"

ಹೊರಗೆ ಸರದಿಯಲ್ಲಿ ನಿಂತಿದ್ದವಳು ಹಿಟ್ಟಿನ ಗಿರಣಿಯ ಕಾಕು. ಇನ್ನೇನು ಬೇಕು! ತನ್ನ ಫೋನನ್ನೂ ಮರೆತು ನಮಗಿಂತ ಮೊದಲೇ ಓಣಿ ಮುಟ್ಟಿದಳು.

"ಓಡಿಹೋಗೂವು ಎಲೆಕ್ಟ್ರಾನಬೇ!" ಎಂದು ನಾನು ಅವ್ವನಿಗೆ ಬಡಕೊಂಡೆ. "ಆಕಿ ಹೇಳಿಕೊಟ್ಟಂಗ ಹೇಳಬ್ಯಾಡ. ಸುಮ್ಮ ಕುಂದರು" ಎಂದಳು.

ಅಕ್ಕನ ಅಪ್ಪ ಮಾತ್ರ ಮಗಳನ್ನು ನಂಬಿದರು. ಎಲೆಕ್ಟ್ರಾನಿನ ಕಥೆಯನ್ನು ಅವಳಿಂದ ಬಾಯಿಪಾಠ ಮಾಡಿಕೊಂಡು, ರುಮಾಲು ಸುತ್ತಿ, ಸಣ್ಣ ಮಗಳನ್ನು ಕೊಡಬೇಕೆಂದಿದ್ದ ಕಿತ್ತೂರಿನ ಮನೆಗೆ ಹೋದರು. ಆ ಮನೆಯವರು ಚಹಾ ಕೊಟ್ಟು, ಎಲ್ಲ ಕೇಳಿ, "ಇರ್ಲಿ ಬಿಡ್ರಿ ಸಾವಕಾರ್ರ. ಮೊದಲ ದೊಡ್ಡಾಕಿ ಮದುವಿ ಮುಗಸ್ರಿ. ಆಮ್ಯಾಲೆ ಸಣ್ಣಾಕಿದು ಮಾತಾಡೂಣು" ಎಂದರಂತೆ.

ತಿರುಗಿ ಬಂದವರು ಸ್ವಂತ ಮನೆಗೂ ಹೋಗದೆ ನಮ್ಮ ಪಡಸಾಲೆಯಲ್ಲೇ ಕುಸಿದು ಕುಳಿತರು. ಅಕ್ಕ, ಅವಳ ತಂಗಿ ಇಬ್ಬರೂ ಓಡಿ ಬಂದರು. "ನಾ ನಂಬೇನವಾ. ಮಂದಿನ್ನ ಹೆಂಗ ನಂಬಸ್ಲಿ?" ಎಂದರು ಅಪ್ಪ. ಅಕ್ಕ ತಂಗಿಯ ಮುಖ ನೋಡಿದಳು.

ಸೋಮವಾರ ಅವಳು ಹೋಗಲಿಲ್ಲ. ಅವಸರವಸರವಾಗಿ ರಾಮದುರ್ಗಕ್ಕೆ ಕೊಟ್ಟರು. ಮದುವೆಯಾದ ಮೇಲೂ ಥೀಸಿಸ್ ಮುಗಿಸಬಹುದು ಎಂದು ಎಲ್ಲರೂ ಅಂದರು. ಅಂದವರು ಅಕ್ಷತೆ ಹಾಕಿ, ಊಟ ಮಾಡಿ, ಕೈತೊಳೆದುಕೊಂಡು ಹೋದರು.

ಕೆಲವು ವರ್ಷಗಳ ಮೇಲೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಕಂಕುಳಲ್ಲಿ ಕೂಸು. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ, ಭೌತಶಾಸ್ತ್ರ ಆರಿಸಿಕೊಂಡದ್ದು ಅವಳಿಂದಲೇ. ನಗಿಸೋಣವೆಂದು ಕೇಳಿದೆ, "ಓಡಿಹೋದವು ಸಿಕ್ಕವೇನಕ್ಕಾ?"

ನಕ್ಕಳು. "ಅವು ಎಲ್ಲಿ ಸಿಗತಾವ... ಸಿಕ್ಕಾಕಿ ನಾನ."

ಆಮೇಲೆ ಹೆಚ್ಚು ದಿನ ಇರಲಿಲ್ಲ. ಕಾಮಾಲೆಯಾಗಿ ಹೋಗಿಬಿಟ್ಟಳು. ಮಣ್ಣಿಗೆ ಬಂದಿದ್ದ ಗಿರಣಿ ಕಾಕು ನನ್ನ ಕೈ ಹಿಡಿದು ಅತ್ತಳು. ನಾನು ಕೈ ಬಿಡಿಸಿಕೊಂಡೆ.

"ಒಡದ ಒಗೀಲೇನ್ರಿ ಅಕ್ಕಾರ?" ಎಂದ ಕಳೆದ ವಾರ ಲೈಟಿನವನು, ತೆಗೆದ ಟ್ಯೂಬು ಹಿಡಿದುಕೊಂಡು. ಬೇಡವೆಂದು ಇಸಿದುಕೊಂಡು ಮೂಲೆಗೆ ನಿಲ್ಲಿಸಿದೆ. ಅಕ್ಕನ ಕಾಲದ ಕೊಳವೆಯೇನೂ ಅಲ್ಲ, ಎಷ್ಟು ಸಲ ಬದಲಾಯಿಸಿದ್ದೇವೋ... ಆದರೂ ಒಡೆಯಲು ಮನಸ್ಸಾಗಲಿಲ್ಲ.

ಓಣಿಯ ಹಳಬರು ಅವಳನ್ನು ಈಗಲೂ 'ಓಡಿಹೋಗಾಕ ಹೊಂಟಿದ್ದಾಕಿ' ಎಂದೇ ಗುರುತಿಸುತ್ತಾರೆ. ಕೇಳಿದಾಗಲೆಲ್ಲ ಅಂದುಕೊಳ್ಳುತ್ತೇನೆ: ನೀನು ನಿಜವಾಗಿಯೂ ಓಡಿಹೋಗಬೇಕಿತ್ತು, ಅಕ್ಕಾ.