ರಾಣಿತಲೆಯ ಪವನು
ಬೆಳ್ತಂಗಡಿ ಕಡೆಯ ಧರ್ಣಪ್ಪ ಗೌಡರಿಗೆ ತಮ್ಮಲ್ಲಿದ್ದ ರಾಣಿತಲೆಯ ಅಚ್ಚಿನ ಇಂಗ್ಲೆಂಡಿನ ಚಿನ್ನದ ನಾಣ್ಯ, ಆ ಪವನೆಂದರೆ ಚಿನ್ನಕ್ಕಿಂತ ಮೇಲಿನ ಚಿನ್ನ. ಎಮ್ಮೆ ಕೊಳ್ಳಲು ಹೋದರೂ ಒಳಕಿಸೆಯಿಂದ ಅದನ್ನು ತೆಗೆದು, ತೂಕದ ಬೆಲೆಯ ದುಪ್ಪಟ್ಟು ಹೇಳುತ್ತಿದ್ದರು. "ನಿಮ್ಮ ಚಿನ್ನ ಗುರುವಾಯನಕೆರೆ ದಾಟಿದ್ದುಂಟಾ? ಇದು ಕಡಲು ದಾಟಿ ಬಂದದ್ದು!" ಜಮೀನಿನ ತೀರ್ವೆ ಕಟ್ಟುವಲ್ಲಿಯೂ ಅದೇ ಮಾತು. "ಸರ್ಕಾರಕ್ಕೆ ನೋಟು ಸಾಕು ಮಾರಾಯ್ರೆ," ಎಂದು ಗ್ರಾಮಲೆಕ್ಕಿಗರು ಕೈಮುಗಿದರೆ, ಗೌಡರು ಪವನನ್ನು ಒಳಗಿಟ್ಟು ನೆಮ್ಮದಿಯಿಂದ ನೋಟು ಕೊಡುತ್ತಿದ್ದರು. ಒಮ್ಮೆ ಬಂಟ್ವಾಳದ ಅಕ್ಕಸಾಲಿಗನೊಬ್ಬ ಕೀಟಲೆಗೆಂದು, "ಆಯ್ತು, ದುಪ್ಪಟ್ಟೇ ಕೊಡುವ," ಎಂದು ಕೈಚಾಚಿದ. ಗೌಡರ ಮುಖ ಬಾಡಿತು. "ಅದು ನಿನ್ನೆಯ ರೇಟು ಮಾರಾಯ, ಇವತ್ತು ಜಾಸ್ತಿ ಉಂಟು," ಎಂದು ಎದ್ದೇಬಿಟ್ಟರು. ಹೆಂಡತಿ ಸೇಸಮ್ಮನ ಪವನಿನ ಸರದಲ್ಲಿ ಉಳಿದಿದ್ದುದು ಅದೊಂದೇ. ಮಿಕ್ಕವನ್ನೆಲ್ಲ ಗೌಡರು ಕಷ್ಟಕಾಲದಲ್ಲಿ ಪೇಟೆಯ ಬೆಲೆಗೇ ಕೊಟ್ಟುಬಿಟ್ಟಿದ್ದರು.