ಒಂದಕ್ಷರದ ತಪ್ಪು

ಜತ್ತದ ಕಾಲೇಜಿನಲ್ಲಿ ನನ್ನ ಜೊತೆ ಜೀವಶಾಸ್ತ್ರ ಕಲಿಸುತ್ತಿದ್ದ ಇಸ್ಮತ ಮೇಡಂ ಬಂದರೆಂದರೆ ಬಸ್‌ಸ್ಟ್ಯಾಂಡಿನ ಅರ್ಧ ಜನ ಬೀಡಿ ಆರಿಸುತ್ತಿದ್ದರು. ‘ಬೀಡಿ ಹೊಗಿ, ಎಕ್ಸ್‌ರೇ, ಸುಡೋ ಬಿಸಲು, ಎಲ್ಲಾ ಡಿಎನ್‌ಎ ಕೆಡಸ್ತಾವ್ರಿ!’ ಎಂದು ಕಂಡಕ್ಟರನ ಗುಟಕಾವನ್ನೂ ಕಸಿದು ಗಟಾರಕ್ಕೆ ಎಸೆಯುವರು. ತರಗತಿಯಲ್ಲಿ ಮಾತ್ರ ಅವರ ದನಿ ತಗ್ಗುತ್ತಿತ್ತು: ‘ಯಾವ ವಿಷಾ ತಾಕದಿದ್ರೂ, ಜೀವಕೋಶ ಎರಡಾಗುವಾಗ ಡಿಎನ್‌ಎ ನಕಲಿನ್ಯಾಗ ಒಮ್ಮೊಮ್ಮೆ ಒಂದಕ್ಷರ ತಪ್ಪತದ. ಅದಕ್ಕ ಯಾರೂ ಹೊಣಿ ಅಲ್ಲ.’ ಅವರ ಮಗಳು ರುಬಿನಾ, ತಂದೆತಾಯಿಯಲ್ಲಿಲ್ಲದ ಅಂಥದೇ ಒಂದು ತಪ್ಪಿನಿಂದ ಎರಡೂ ಕಣ್ಣಲ್ಲಿ ಕ್ಯಾನ್ಸರ್ ಗಡ್ಡೆಯೆದ್ದು, ೧೯೯೮ರಲ್ಲಿ ಮೂರು ವರ್ಷ ತುಂಬುವ ಮೊದಲೇ ತೀರಿಕೊಂಡಳು. ಅಂದಿನಿಂದ ಮೇಡಂ ಪ್ರಯೋಗಾಲಯದ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳುತ್ತಿದ್ದರು: ‘ಬಸುರಿದ್ದಾಗ ಇಲ್ಲೇ ಸತ್ತ ಕಪ್ಪಿ ಕೆಡದಂಗ ಇಡೋ ಫಾರ್ಮಾಲಿನ್ ವಾಸನಿ ಕುಡದೀನಿ. ಅದರಿಂದನ ಆಗಿರಬೇಕಲ್ರಿ?’ ‘ಅಲ್ರಿ, ಮೇಡಂ’ ಎಂದರೆ, ‘ಹಂಗಾರ ನಾ ಯಾರಿಗೆ ಬೈಲಿ?’ ಎನ್ನುತ್ತಿದ್ದರು.