ಇಸ್ತ್ರಿಯವಳು ಓದದೆ ಬಿಟ್ಟ ಪುಟ

ನನ್ನವರು ತೀರಿಕೊಂಡ ಮೂರನೇ ತಿಂಗಳು ಲಾಂಡ್ರಿಗೆ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದೆ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗಲೇ ಇಸ್ತ್ರಿ ಮೇಜಿನ ಹಿಂದಿನಿಂದ ಒಂದು ಹೆಣ್ಣು ದನಿ ಕೇಳಿಸಿತು. “ದೊಡ್ಡಮ್ಮ, ಗುಂಡಿ ಹೊಲಿಯೋಕೆ ಬಂದ್ರಾ? ಮೊದಲು ನಮ್ಮ ಯಜಮಾನರ ಬಾಯಿಗೆ ನಾಲ್ಕು ಹೊಲಿಗೆ ಹಾಕಿ!”

ಯಜಮಾನರೂ ನಕ್ಕರು. ಆ ಇಸ್ತ್ರಿಯವಳನ್ನು ಎಲ್ಲರೂ ಪಟಾಕಿ ಎನ್ನುತ್ತಿದ್ದರು. ಮೊದಲು ಕಾಲರ್, ಆಮೇಲೆ ಹೆಗಲು, ತೋಳು, ಕೊನೆಗೆ ಮೈ. ಗಂಟೆಗೆ ಹದಿನೈದು ಅಂಗಿ, ಒಂದರಲ್ಲೂ ಎರಡು ಗೆರೆ ಬೀಳುತ್ತಿರಲಿಲ್ಲ. ಬೆಳಿಗ್ಗೆ ಬೀಗ ತೆಗೆಯುವವಳೂ ಸಂಜೆ ಹಾಕುವವಳೂ ಅವಳೇ.

ಊಟದ ಹೊತ್ತಿನಲ್ಲಿ ಅವಳು ಮಗಳ ಶಾಲೆಯಿಂದ ಬಂದ ಕಾದಂಬರಿಯೊಂದನ್ನು ನನಗೆ ಓದಿ ಹೇಳುತ್ತಿದ್ದಳು. ನಾನು ಕಲಿತದ್ದು ಎರಡನೇ ತರಗತಿ. ಬೋರ್ಡು, ಚೀಟಿ ಓದಬಲ್ಲೆ, ಪುಸ್ತಕವೆಂದರೆ ದೂರ. ಕತೆ ಹದಿನೈದು ವರ್ಷದ ಇಬ್ಬರು ಗೆಳತಿಯರದ್ದು. ಒಬ್ಬಳು ತರಗತಿಯನ್ನೆಲ್ಲ ನಗಿಸುವವಳು. ಅವಳ ಕೈ ಮಾತ್ರ ಬೆಂಚಿನ ಕೆಳಗೆ ನಡುಗುತ್ತಿರುತ್ತದೆ. ಅದು ಗೆಳತಿಗೂ ಗೊತ್ತಿಲ್ಲ. ಆ ನಗಿಸುವವಳು ಅದನ್ನು ಬಾಯಿಬಿಟ್ಟು ಹೇಳಲು ಹೊರಡುವ ಪುಟ ಬಂದಾಗ ಪಟಾಕಿ ಪುಸ್ತಕ ಮುಚ್ಚಿದಳು. ಕಣ್ಣು ಉರಿಯುತ್ತಿದೆ ಎಂದಳು. ಮರುದಿನವೂ ಉರಿಯಿತು. ನಾಲ್ಕನೇ ದಿನವೂ.

“ಕೊಡೆ ಇಲ್ಲಿ, ನಾನೇ ಓದ್ತೀನಿ.”

“ನೀವು ಮುಗಿಸೋಷ್ಟರಲ್ಲಿ ನನ್ನ ಮಗಳು ಅಜ್ಜಿ ಆಗಿರ್ತಾಳೆ.”

“ಆಗಲಿ ಬಿಡು. ಅವಳ ಮೊಮ್ಮಕ್ಕಳಿಗೆ ಓದಿ ಹೇಳ್ತೀನಿ.”

ಹಟ ಹಿಡಿದೆ. ಸೂಜಿಯ ಮೊನೆಯನ್ನು ಅಕ್ಷರದ ಕೆಳಗಿಟ್ಟು, ಒತ್ತಕ್ಷರ ಬಂದಲ್ಲಿ ನಿಂತು, ಮತ್ತೆ ಹಿಂದಿನಿಂದ ಕೂಡಿಸಿಕೊಂಡು ಓದಿದೆ. ಮೂರು ಪುಟಕ್ಕೆ ಒಂಬತ್ತು ದಿನ ಹಿಡಿಯಿತು. ಆ ಹುಡುಗಿಗೆ ಮನೆಯ ನಲ್ಲಿ ನಿಲ್ಲಿಸಿ ಬಂದೆನೋ ಇಲ್ಲವೋ ಎಂಬ ಭಯ. ಗೆಳತಿ ನಗುವುದಿಲ್ಲ, ಬುದ್ಧಿ ಹೇಳುವುದಿಲ್ಲ. “ನಡಿ, ಜೊತೆಗೆ ಹೋಗೋಣ” ಎನ್ನುತ್ತಾಳೆ, ಅಷ್ಟೆ.

ಹತ್ತನೇ ದಿನ ಪಟಾಕಿಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಯಜಮಾನರು ತಮ್ಮ ಕೀಲಿಯಿಂದ ಬಾಗಿಲು ತೆಗೆದರೆ ಒಳಗೆ ಕರೆಂಟಿಲ್ಲ. ಕರೆಂಟ್ ಕೆಲಸದವನು ಬಂದು ನೋಡಿ, “ಫ್ಯೂಸ್ ಸುಟ್ಟಿಲ್ಲ ಸ್ವಾಮಿ, ಫ್ಯೂಸೇ ಇಲ್ಲ!” ಎಂದ. ಬಟ್ಟೆ ಒಗೆಯುವವನು ಹಿಂದಿನ ದಿನ ರಜೆಗಾಗಿ ಜಗಳವಾಡಿದ್ದ. ಯಜಮಾನರು ಅವನ ಮೇಲೇ ಹರಿಹಾಯ್ದರು. “ಸೇಡು ತೀರಿಸ್ಕೊಂಡ್ಯಾ? ಇವತ್ತೇ ಕೆಲಸ ಬಿಟ್ಟು ಹೊರಡು!”

ಅಷ್ಟರಲ್ಲಿ ಪಟಾಕಿ ಬಂದಳು. ಮಾತು ಕೇಳಿ ಹೊಸ್ತಿಲಲ್ಲೇ ನಿಂತಳು. ಊಟದ ಚೀಲವನ್ನು ಎದೆಗೆ ಒತ್ತಿಕೊಂಡಿದ್ದ ಕೈ ನಡುಗುತ್ತಿತ್ತು. ಚೀಲದಲ್ಲಿ ಏನಿದೆಯೆಂದು ನನಗೆ ತಿಳಿದುಹೋಯಿತು. ಆದರೆ ನಾನು ಹೇಳಬಾರದು, ಅವಳೇ ಹೇಳಬೇಕು.

“ಆ ಪುಟ ಓದಿ ಮುಗಿಸಿದೆ ಕಣೆ” ಎಂದೆ.

“ಏನಾಯ್ತು?”

“ಹೇಳಿಬಿಟ್ಟಳು. ಗೆಳತಿ ನಗಲಿಲ್ಲ.”

ಪಟಾಕಿ ಒಳಗೆ ಬಂದು ಚೀಲದಿಂದ ಫ್ಯೂಸ್ ತೆಗೆದು ಮೇಜಿನ ಮೇಲಿಟ್ಟಳು. “ಅವನನ್ನ ಬಿಡಿ. ತಗೊಂಡು ಹೋಗಿದ್ದು ನಾನು. ದಿನಾ ತಗೊಂಡು ಹೋಗಿ ಬೆಳಿಗ್ಗೆ ಹಾಕ್ತೀನಿ. ಇಸ್ತ್ರಿಪೆಟ್ಟಿಗೆ ಆರಿಸಿದ್ನೋ ಇಲ್ವೋ ಅಂತ ಬಸ್‌ಸ್ಟಾಪಿಂದ ಮೂರು ಮೂರು ಸಲ ವಾಪಸ್ ಓಡಿ ಬರ್ತಿದ್ದೆ. ಅಂಗಡಿ ಉರೀತಿರೋ ಹಾಗೇ ಕಾಣುತ್ತೆ. ಇದು ನನ್ನ ಹತ್ರ ಇದ್ರೆ ಮಾತ್ರ ಅನ್ನ ಗಂಟಲಲ್ಲಿ ಇಳಿಯುತ್ತೆ.”

ಯಜಮಾನರು ಒಗೆಯುವವನ ಮುಖ ನೋಡಲಾರದೆ ತಲೆ ತಗ್ಗಿಸಿದರು. ಆಮೇಲೆ, “ಅಂದ್ರೆ ನನ್ನ ಅಂಗಡಿ ಕರೆಂಟು ದಿನಾ ಬಸ್ಸಲ್ಲಿ ಓಡಾಡ್ತಿತ್ತಾ?” ಎಂದರು.

“ಅದಕ್ಕೂ ಟಿಕೆಟ್ ತಗೋತಿದ್ಯೇನಕ್ಕ?” ಎಂದ ಒಗೆಯುವವನು. ಪಟಾಕಿ ಅಳುತ್ತಲೇ ನಕ್ಕಳು.

“ಕೀಲಿ ನನಗೆ ಕೊಟ್ಟುಬಿಡಮ್ಮ. ನಿನಗ್ಯಾಕೆ ಆ ಭಾರ?” ಎಂದರು ಯಜಮಾನರು.

“ಕೊಡಲ್ಲ. ಫ್ಯೂಸು ಇಲ್ಲೇ ಇರಲಿ. ಬೀಗ ನಾನೇ ಹಾಕ್ತೀನಿ.”

ಡಾಕ್ಟರಿಗೂ ತೋರಿಸಿಕೊಂಡಳು. ದಿನಾ ಸಂಜೆ ನಾನು ಬಸ್‌ಸ್ಟಾಪಿನವರೆಗೆ ಜೊತೆಗೆ ಹೋಗುತ್ತಿದ್ದೆ. ಮೊದಲ ವಾರ ಎರಡೆರಡು ಸಲ ಅಂಗಡಿಗೆ ಹಿಂದಿರುಗಿ ಬಂದೆವು. ಆಮೇಲೆ ಒಂದು ಸಲ. ತಿಂಗಳು ಕಳೆದ ಮೇಲೆ ಅದೂ ನಿಂತಿತು. ಆದರೆ ಮನೆ ಸೇರಿದ ಮೇಲೆ ಅವಳ ಫೋನ್ ಬರುತ್ತಿತ್ತು: “ದೊಡ್ಡಮ್ಮ, ನಾನು ಆರಿಸಿದ್ದು ನೀವು ನೋಡಿದ್ರಲ್ಲ?” “ನೋಡಿದೆ ಕಣೆ, ಊಟ ಮಾಡು” ಎನ್ನುತ್ತಿದ್ದೆ.

ನಿನ್ನೆ ಸಂಜೆ ಬೀಗ ಹಾಕಿ, ಒಂದೇ ಸಲ ಎಳೆದು ನೋಡಿ, ನನ್ನ ಕಡೆ ತಿರುಗಿದಳು.

“ದೊಡ್ಡಮ್ಮ, ಇವತ್ತು ನಾನು ಫೋನ್ ಮಾಡಿದ್ರೆ ಎತ್ತದೇ ಇರ್ತೀರಾ?”